ಅತ್ತೆಯ ಜೊತೆ ಬಿಜಾಪುರ

ಅಜ್ಜಂಪುರದ ನಮ್ಮ ಸೋದರತ್ತೆಯ ಜೊತೆ ಒಮ್ಮೆ ರೈಲು ಹತ್ತಿದವರು ಎರಡನೇ ಸಲ ಹತ್ತಿದ ದಾಖಲೆ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಅವರನ್ನು ಬಿಜಾಪುರಕ್ಕೆ ಕರೆದೊಯ್ದ ಆ ಒಂದು ಟೂರು ನನಗೆ ಈ ಜನ್ಮಕ್ಕೆ ಸಾಕು!

ಹಟ ಅವರದೇ. ಸರ್ವೆ ಕೆಲಸದಲ್ಲಿದ್ದ ಮಾವ ಗೋಳಗುಮ್ಮಟ ನೋಡಿಬಂದು, "ನಿನ್ನೂ ಕರ್ಕೊಂಡೋಗ್ತೀನಿ" ಎಂದು ಇಪ್ಪತ್ತು ವರ್ಷ ಹೇಳುತ್ತಲೇ ಇದ್ದು ತೀರಿಕೊಂಡಿದ್ದರು. "ಮಂಡಿ ಪೂರ್ತಿ ಕೈಕೊಡೋಕೆ ಮುಂಚೆ ಅದನ್ನ ಹತ್ತಬೇಕು ಕಣೇ" ಎಂದು ಅತ್ತೆ ನನ್ನ ಬೆನ್ನುಬಿದ್ದರು.

ಹುಬ್ಬಳ್ಳಿಯಲ್ಲಿ ಗಾಡಿ ಬದಲಾಯಿಸುವಷ್ಟರಲ್ಲಿ, ನನಗಿನ್ನೂ ಮದುವೆಯಾಗಿಲ್ಲ ಎಂಬುದು ಇಡೀ ಕಂಪಾರ್ಟ್‌ಮೆಂಟಿಗೆ ಗೊತ್ತಾಗಿತ್ತು. ಎರಡು ಜಾತಕಗಳೂ ಬಂದಿದ್ದವು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸ್ ಯಾವುದೂ ಇಂಥದ್ದಕ್ಕೆ ಒದಗುವುದಿಲ್ಲ.

ಬಿಜಾಪುರವೋ, ಒಂದೇ ಬೀದಿಯಲ್ಲಿ ಎರಡು ಲೋಕ. ವಿಭೂತಿ ಅಂಗಡಿಯ ಪಕ್ಕದಲ್ಲೇ ಅತ್ತರಿನ ಅಂಗಡಿ. ಟಾಂಗಾದವನು ಕುದುರೆಯನ್ನು ಉರ್ದುವಿನಲ್ಲಿ ಬೈದು, ನಮ್ಮನ್ನು ಕನ್ನಡದಲ್ಲಿ ಕರೆದ. ಹೌ ಚಾರ್ಮಿಂಗ್ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅತ್ತೆ, "ಯಾಕಪ್ಪಾ, ಕುದುರೆಗೆ ಕನ್ನಡ ಬರಲ್ವಾ?"

"ಬರ್ತೈತ್ರೀ ಅವ್ವಾರ. ಕನ್ನಡದಾಗ ಬೈದ್ರ ಬ್ಯಾಸರ ಮಾಡ್ಕೊಂತೈತಿ."

ದೊಡ್ಡ ಮಸೀದಿಯ ಅಂಗಳದಲ್ಲಿ ಒಬ್ಬ ವೃದ್ಧರು ಕೂತಿದ್ದರು. "ಒಳಗೆ ದೇವ್ರೇ ಕಾಣಲ್ವಲ್ಲಪ್ಪಾ" ಎಂದುಬಿಟ್ಟರು ಅತ್ತೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ಅದಾನ್ರೀ ತಂಗಿ. ಕಾಣಂಗಿಲ್ಲ, ಅಷ್ಟ."

"ನಮ್ಮಲ್ಲೂ ಅಷ್ಟೇ ಬಿಡಿ. ಪೂಜಾರಪ್ಪನ ಬೆನ್ನು ಮಾತ್ರ ಕಾಣ್ತದೆ."

ಇಬ್ಬರೂ ಮನಸಾರೆ ನಕ್ಕರು. ಸಾರಿ ಕೇಳಿದವಳು ನಾನೊಬ್ಬಳೇ.

ಗುಮ್ಮಟದ ಕೆಳಗೆ ನಿಂತು ಅತ್ತೆ ತಲೆ ಎತ್ತಿ ನೋಡಿದರು. "ಇಷ್ಟು ದೊಡ್ಡದಕ್ಕೆ ಒಂದು ಕಂಬ ಇಲ್ಲ. ಕಂಟ್ರಾಕ್ಟರ್ ತಿಂದಿದಾನೆ."

ಆಮೇಲೆ ಶುರುವಾಯಿತು ಆ ಕಡಿದಾದ ಮೆಟ್ಟಿಲು. ಹತ್ತು ಹತ್ತಿದರೆ ಒಂದು ಸಲ ಕೂರುವುದು, ಮಂಡಿ ಹಿಡಿದುಕೊಳ್ಳುವುದು.

"ಸಾಕು ಅತ್ತೆ, ಇಳಿದುಬಿಡೋಣ."

"ಇಳಿಯೋಕೆ ಇಷ್ಟು ದೂರ ಬಂದ್ನೇನೇ? ಕೈ ಕೊಡು."

ಕೊನೆಗೂ ಹತ್ತಿದರು. ಮೇಲಿನ ಗ್ಯಾಲರಿಯಲ್ಲಿ ಬಂದವರೆಲ್ಲ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ಹೆಸರು ಕೂಗಿ, ಪ್ರತಿಧ್ವನಿ ಲೆಕ್ಕ ಹಾಕುತ್ತಿದ್ದರು. ಅತ್ತೆ ಗೋಡೆಗೊರಗಿ ಕಾದರು. ಗಲಾಟೆ ಕೆಳಗಿಳಿದು ಹೋದ ಮೇಲೆ ಗೋಡೆಗೆ ಬಾಯಿ ಹತ್ತಿರ ತಂದರು. ಇನ್ನೇನು ಎಂಬ್ಯಾರಸ್‌ಮೆಂಟ್ ಕಾದಿದೆಯೋ ಎಂದು ನಾನು ಮುಖ ತಿರುಗಿಸಿದೆ.

"ರೀ, ಊಟ ಆಯ್ತಾ?"

ಆ ಮಾತು ಗುಮ್ಮಟದೊಳಗೆ ಒಂದು ಸುತ್ತು ಹಾಕಿ ಬಂದು ಅತ್ತೆಯನ್ನೇ ಕೇಳತೊಡಗಿತು. ಊಟ ಆಯ್ತಾ, ಊಟ ಆಯ್ತಾ, ಊಟ ಆಯ್ತಾ... ಕೊನೆಯದು ಅಡಗುವವರೆಗೂ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

"ಆಯ್ತು ಕಣ್ರೀ" ಎಂದರು ಮೆಲ್ಲಗೆ.

ಬೆಳಗಿನಿಂದ ಅವರು ಒಂದು ಗುಟುಕು ಕಾಫಿಯನ್ನೂ ಕುಡಿದಿರಲಿಲ್ಲ.