ಊರೆಲ್ಲ ನನ್ನನ್ನು ಇನ್ನೋಸೆಂಟ್ ಎಂದಾಗ

ಹೊಗಳಿಕೆಯ ವಿಷಯದಲ್ಲಿ ನಾನು ಸ್ವಲ್ಪ ಚಪಲದವನು. ಕನ್ನಡದಲ್ಲಿ ಹೊಗಳಿದರೆ ಹೊಟ್ಟೆ ತುಂಬುವುದಿಲ್ಲ, ಇಂಗ್ಲಿಷಿನಲ್ಲೇ ಆಗಬೇಕು. ಈ ಚಟ ಹತ್ತಿದ್ದು ಎಂಬತ್ತರ ದಶಕದಲ್ಲಿ, ನನಗೆ ಹೆಣ್ಣು ನೋಡುತ್ತಿದ್ದ ಕಾಲಕ್ಕೆ. ಆಗ ನಮ್ಮ ನಿಪ್ಪಾಣಿ ಕಡೆ ವರಗಳಿಗೆ ಬಲು ಬೇಡಿಕೆ ತರುತ್ತಿದ್ದ ಮಾತು 'ಇನ್ನೋಸೆಂಟ್'. ಡಿಕ್ಷನರಿ ನಿರಪರಾಧಿ ಎಂದು ಅರ್ಥ ಹೇಳುತ್ತಿತ್ತು. ನಮ್ಮವರಿಗೆ ಡಿಕ್ಷನರಿಯ ಹಂಗಿರಲಿಲ್ಲ. ತಂಬಾಕಿನ ಊರಲ್ಲಿ ಹುಟ್ಟಿಯೂ ತಂಬಾಕು ತಿನ್ನದವನು ಇನ್ನೋಸೆಂಟ್. ಅಂಗಡಿಯವನು ಹುಳುಕು ಬದನೆಕಾಯಿ ಹಾಕಿದರೂ ಸುಮ್ಮನೆ ಹೊತ್ತು ತರುವವನಂತೂ ಶುದ್ಧ ಇನ್ನೋಸೆಂಟ್. ಎರಡೂ ಗುಣ ನನ್ನಲ್ಲಿದ್ದವು. ಎರಡನೆಯದು ಈಗಲೂ ಇದೆ.

ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿನ ದ್ರಾಕ್ಷಿ ತೋಟದವರ ಮಗಳನ್ನು ನೋಡಿ ಬಂದೆ. ಆಕೆ ಚಹಾ ಕೊಟ್ಟು, ನಾನು ಅದನ್ನು ಬಸಿ ಬಿಟ್ಟು ಚೂಡಾದ ತಟ್ಟೆಗೆ ಸುರಿದದ್ದನ್ನು ಕಂಡು ನಕ್ಕಳು. ಅಷ್ಟಕ್ಕೇ ನಾನು ಮುಗಿದುಹೋದೆ. ಉಳಿದದ್ದು ಚೌಕಶಿ. ನಮ್ಮಲ್ಲಿ ಹೆಣ್ಣಿನವರು ಹೇಳದೆ ಕೇಳದೆ ಹುಡುಗನ ಊರಿಗೆ ಬಂದು, ನಾಲ್ಕು ಕಡೆ ವಿಚಾರಿಸಿಯೇ ಹೂಂ ಅನ್ನುವುದು. ಆ ನಾಲ್ಕು ಕಡೆ ಯಾವುವೆಂದು ಯಾರಿಗೆ ಗೊತ್ತಿಲ್ಲ? ಕಟಿಂಗ್ ಅಂಗಡಿ, ಚಹಾದಂಗಡಿ, ಆಫೀಸು, ಓಣಿಯ ಕಟ್ಟೆ. ನಾನು ಮುಂಚೆಯೇ ಎಲ್ಲ ಕಡೆ ಸುತ್ತಿ, "ಇನ್ನೋಸೆಂಟ್ ಅನ್ರಿ, ಮರೀಬ್ಯಾಡ್ರಿ" ಎಂದು ಬಾಯಿಪಾಠ ಮಾಡಿಸಿದೆ.

ಬಂದವರು ಹುಡುಗಿಯ ಸೋದರಮಾವ, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಚೌಕಶಿ ಮುಗಿಸಿ ನೇರ ನಮ್ಮ ಮನೆಗೇ ಬಂದು ಕೂತರು.

"ತಮ್ಮಾ, ಕಟಿಂಗ್ ಅಂಗಡಿಯಾಂವಾ ಇನ್ನೋಸೆಂಟ್ ಅಂದಾ. ಚಹಾದಾಂವಾ ಅಂದಾ. ಕಟ್ಟಿ ಮ್ಯಾಲಿನ ಮುದುಕಿ, ಬಾಯಾಗ ಒಂದ ಹಲ್ಲಿಲ್ಲ, ಆಕಿ ಸುದ್ದಾ ಅದನ್ನ ಅಂದ್ಲು. ಸಾಕ್ಷಿದಾರರೆಲ್ಲಾ ಒಂದ ಮಾತ ಹೇಳಿದ್ರ ಯಾರೋ ಕಲಿಸ್ಯಾರ ಅಂತನ ಅರ್ಥ. ಏನ್ ಮುಚ್ಚಿಡಾಕತ್ತೀಯಪಾ?"

ಸಂಬಂಧ ಕೃಷ್ಣೆಯ ಪಾಲಾಯಿತೆಂದೇ ತಿಳಿದು, "ನಾನ ಕಲಿಸೇನ್ರಿ ಸಾಹೇಬ್ರ. ಹುಡುಗಿ ಭಾಳ ಮನಸಿಗೆ ಬಂದಾಳ್ರಿ" ಎಂದುಬಿಟ್ಟೆ.

ಅವರು ಹೊಟ್ಟೆ ಹಿಡಿದು ನಕ್ಕರು. "ಇಷ್ಟ್ ವರ್ಷ ನೌಕರಿ ಮಾಡೇನಿ, ಒಂದ ಪ್ರಶ್ನಿಗೆ ತಪ್ಪ ಒಪ್ಪಿಕೊಂಡಾಂವಾ ನೀನ ಮೊದಲನೇದಾಂವಾ. ಸುಳ್ಳು ನಿನ್ನ ಕೈಲೆ ಆಗೂದಲ್ಲ ಬಿಡು. ಹುಡುಗಿ ಕೊಟ್ಟೇವಿ!"

ಸಂತೋಷಕ್ಕೆ ನಾನು ಅವರ ಕಾಲಿಗೆ ಬೀಳಲು ಹೋಗಿ, ಅವರಿಗೆ ಚಹಾ ತಂದು ನಿಂತಿದ್ದ ನಮ್ಮವ್ವನ ಕಾಲಿಗೆ ಬಿದ್ದೆ.

ಮದುವೆಯಾಯಿತು. ಆದರೆ ಈ ಸಂಗತಿಯನ್ನು ಆ ಸೋದರಮಾವ ನನ್ನ ಹೆಂಡತಿಗೂ ಹೇಳಿಟ್ಟಿದ್ದರು. ಇವತ್ತಿಗೂ ನಮ್ಮ ಮನೆಯಲ್ಲಿ ಬಟ್ಟಲು ಒಡೆಯಲಿ, ಬೀಗದ ಕೈ ಕಳೆಯಲಿ, ಅವಳು ವಿಚಾರಣೆಗೇ ಇಳಿಯುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ಒಮ್ಮೆ ನೋಡುತ್ತಾಳೆ, ಅಷ್ಟೇ. ಮೊನ್ನೆ ಬೆಕ್ಕು ಹಾಲು ಕುಡಿದು ಓಡಿದ್ದನ್ನೂ ನಾನೇ ಒಪ್ಪಿಕೊಂಡೆ.