ಕರಿದ ಎಣ್ಣೆಯ ಕಾರು

ಕಾರು ಇಟ್ಟುಕೊಂಡವರೆಲ್ಲ ಅದರ ವೇಗದ ಬಗ್ಗೆ ಕೊಚ್ಚಿಕೊಳ್ಳುತ್ತಾರೆ. ನನ್ನ ಕಾರಿನಲ್ಲಿ ಕೊಚ್ಚಿಕೊಳ್ಳುವಂಥದ್ದು ಇದ್ದರೆ ಅದು ವಾಸನೆ ಒಂದೇ. ಸ್ವಾತಂತ್ರ್ಯ ಬಂದ ಕೆಲವು ವರ್ಷಗಳ ಮೇಲೆ, ತಮ್ಮ ದೇಶಕ್ಕೆ ಹಿಂತಿರುಗುತ್ತಿದ್ದ ದೊರೆ ಎಂಜಿನಿಯರೊಬ್ಬರಿಂದ ಈ ಹಳೆಯ ಡೀಸೆಲ್ ಕಾರನ್ನು ಕೊಂಡೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಬಸವನಗುಡಿಯಿಂದ ಮಲ್ಲೇಶ್ವರಕ್ಕೂ ನಡೆದೇ ಹೋಗುತ್ತಿದ್ದ ಅಪ್ಪ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಜಗಲಿಯಲ್ಲಿ ಎದುರುಬದುರು ಕೂತಿದ್ದರೂ, "ನಿನ್ನ ಗಂಡನಿಗೆ ಹೇಳಮ್ಮ, ಪೇಪರ್ ಈ ಕಡೆ ಕೊಡ್ಲಿ" ಎಂದು ನನ್ನ ಹೆಂಡತಿಯನ್ನು ಒಳಗಿನಿಂದ ಕರೆಯುತ್ತಿದ್ದರು. ನಗು ಬರುವಂಥ ವಿಷಯವೇ, ಆದರೆ ನನಗೆ ದುಃಖವಾಗುತ್ತಿತ್ತು.

ಎಂಥ ಎಣ್ಣೆ ಕೊಟ್ಟರೂ ಈ ಎಂಜಿನ್ ಕುಡಿಯುತ್ತದೆ ಎಂದು ದೊರೆ ಹೇಳಿ ಹೋಗಿದ್ದರು. ಆ ಮಾತನ್ನು ನಾನು ಚಾಮರಾಜಪೇಟೆಯ ನಂಜುಂಡಯ್ಯನವರ ಬಳಿ ಆಡಿದೆ. ಅವರು ಮದುವೆಮನೆಗಳಿಗೆ ಅಡುಗೆ ಮಾಡುವವರು. "ಕರಿದು ಮಿಕ್ಕಿದ್ದನ್ನ ಚೆಲ್ತೀವಿ ಸ್ವಾಮಿ, ತಗೊಂಡ್ಹೋಗಿ. ನಿಮ್ಮ ಗಾಡಿಗೂ ಮದುವೆ ಊಟ ಆಗ್ಲಿ" ಎಂದರು. ಎಣ್ಣೆಯನ್ನು ಹಳೆಯ ಪಂಚೆಯಲ್ಲಿ ಸೋಸಿ ಹುಯ್ದೆ. ಗಾಡಿ ಒಂದೆರಡು ಸಲ ಕೆಮ್ಮಿ, ಹೊರಟೇಬಿಟ್ಟಿತು.

ಆ ವೈಶಾಖದ ಒಂದು ಸಂಜೆ ಅಪ್ಪ ಯಾರೂ ಕರೆಯದೆ ಬಂದು ಹಿಂದಿನ ಸೀಟಿನಲ್ಲಿ ಕೂತರು. ನಾನು ಗಾಡಿ ಬಿಟ್ಟೆ. ಗಾಂಧಿಬಜಾರು ದಾಟಿದ ಮೇಲೆ, "ಕಿಟಕಿ ಇಳ್ಸೋ. ನಿಧಾನಕ್ಕೆ ಹೋಗು" ಎಂದರು. ಎಷ್ಟೋ ತಿಂಗಳ ಮೇಲೆ ನನಗೇ ಹೇಳಿದ ಮಾತು. ಅಂದಿನಿಂದ ದಿನಾ ಸವಾರಿ. ಮರಗಳ ನೆರಳಿನಲ್ಲಿ ಕಾರು ತೂಗುತ್ತ ಸಾಗುತ್ತಿತ್ತು. ಹೊಗೆ ನಮ್ಮ ಹಿಂದೆಯೇ ಬಂದು ಕಿಟಕಿಯಲ್ಲಿ ನುಸುಳುತ್ತಿತ್ತು. ಅಪ್ಪ ಅರೆಗಣ್ಣು ಮುಚ್ಚಿ, ಬೇರೆ ಯಾವುದೋ ಲೋಕದಲ್ಲಿರುವವರ ಹಾಗೆ, ತಮ್ಮ ಬಾಲ್ಯದ ಮದುವೆಗಳ ಕಥೆ ಹೇಳುತ್ತಿದ್ದರು. ಮಗನನ್ನು ಕ್ಷಮಿಸಿದ ತಂದೆಯ ಮುಖವೇ ಹೀಗೆ ಎಂದುಕೊಂಡು ನಾನೂ ಕನಸಿನಲ್ಲೇ ಗಾಡಿ ಓಡಿಸುತ್ತಿದ್ದೆ.

ಆಷಾಢ ಬಂತು. ಮದುವೆಗಳು ನಿಂತವು, ನಂಜುಂಡಯ್ಯನವರ ಬಾಣಲೆ ಬೋರಲು ಬಿತ್ತು. ದುಡ್ಡು ಅಪ್ಪನಿಗಿಂತ ಹೆಚ್ಚೇ ಎಂದು ಬಂಕಿನಲ್ಲಿ ಒಳ್ಳೆಯ ಡೀಸೆಲ್ ಹಾಕಿಸಿ ತಂದೆ. ಅಪ್ಪ ಕೂತರು. ತಿರುವು ದಾಟುವುದರೊಳಗೆ ಮೂಗು ಸಿಂಡರಿಸಿದರು.

"ಇದೇನೋ ಇದು, ಸೀಮೆಎಣ್ಣೆ ಸ್ಟೌವ್ ಇದ್ದಂಗಿದೆ. ಮೊನ್ನೆ ಆಂಬೊಡೆ ವಾಸ್ನೆ ಎಷ್ಟು ಚೆನ್ನಾಗಿತ್ತು."

ಕರಿದದ್ದನ್ನು ಮುಟ್ಟಕೂಡದೆಂದು ಡಾಕ್ಟರು ಅವರಿಗೆ ಕಟ್ಟುನಿಟ್ಟು ಮಾಡಿದ್ದು ಆಗ ನನಗೆ ನೆನಪಾಯಿತು. ಮನೆಗೆ ತಿರುಗಿಸು ಎಂದರು, ತಿರುಗಿಸಿದೆ. ಊಟಕ್ಕೆ ಕೂತಾಗ ನನ್ನ ಪಕ್ಕದಲ್ಲಿದ್ದ ಉಪ್ಪಿನಕಾಯಿಯನ್ನು ನನ್ನ ಹೆಂಡತಿಯ ಕೈಯಲ್ಲಿ ಕೇಳಿಸಿದರು.

ಆ ತಿಂಗಳು ನಮ್ಮ ಬೀದಿಯ ಹೊಸ ಗಂಡಂದಿರೆಲ್ಲ ಹೆಂಡತಿಯರನ್ನು ತವರಿಗೆ ಕಳುಹಿಸಿ, ಶ್ರಾವಣ ಯಾವಾಗ ಬರುತ್ತದೋ ಎಂದು ಗೇಟಿನ ಹತ್ತಿರ ಸಪ್ಪೆ ಮುಖ ಹಾಕಿಕೊಂಡು ನಿಲ್ಲುತ್ತಿದ್ದರು. ನಲವತ್ತು ದಾಟಿದ ನಾನೂ ಅವರ ಜೊತೆ ನಿಂತು ಕಾಯುತ್ತಿದ್ದೆ, ಎಪ್ಪತ್ತು ದಾಟಿದ ಅಪ್ಪನಿಗಾಗಿ.