ಚಿಕ್ಕಮ್ಮನ ಸೊಂಟ ಮತ್ತು ಹೊಸ ಟೇಪು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ಎದ್ದು ನಿಂತು ಪಾಠ ಓದು ಎಂದರೆ ನನ್ನ ಗಂಟಲಿಗೆ ಬೀಗ ಬೀಳುತ್ತಿತ್ತು, ಅದಕ್ಕೇ ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಆದರೆ ಈಗ ಬರೆಯದೆ ಬೇರೆ ದಾರಿಯಿಲ್ಲ. ನಮ್ಮ ಬೀದಿಯವರೆಲ್ಲ ನನ್ನನ್ನು ಕಂಡರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಇಡೀ ಬೀದಿಯನ್ನು ಉಪವಾಸ ಕೆಡವಿದವಳು ನಾನಂತೆ. ಎದುರು ನಿಂತು ಉತ್ತರ ಕೊಡುವ ಧೈರ್ಯ ನನಗಿಲ್ಲ. ಕಾಗದದ ಎದುರು ಸ್ವಲ್ಪ ಇದೆ. ಪ್ರತಿ ವಾಕ್ಯವನ್ನೂ ಎರಡು ಸಲ ಬರೆದು, ಚೆನ್ನಾಗಿ ಬಂದದ್ದನ್ನು ಮಾತ್ರ ಇಲ್ಲಿ ಉಳಿಸಿದ್ದೇನೆ. ತಪ್ಪು ಯಾರದೆಂದು ನೀವೇ ಹೇಳಿ.

ನಮ್ಮ ಚಿಕ್ಕಮ್ಮನ ಹೊಲಿಗೆ ಅಂಗಡಿ ಮನೆಯ ಮುಂದಿನ ಕೋಣೆಯಲ್ಲಿದೆ. ಬಾಗಿಲ ಹತ್ತಿರ ಚಿಕ್ಕಮ್ಮ ಗಿರಾಕಿಗಳ ಅಳತೆ ತೆಗೆಯುತ್ತಾರೆ, ಅಲ್ಲೇ ಕೂತು ಹೊಲಿಯುತ್ತಾರೆ. ಒಳಗಿನ ಮೇಜಿನ ಮೇಲೆ ನಾನು ಬಟ್ಟೆ ಕತ್ತರಿಸುತ್ತೇನೆ. ಮೂಲೆಯಲ್ಲಿ ಚಿಕ್ಕಪ್ಪ ಇಸ್ತ್ರಿ ಮಾಡುತ್ತಾ, ಗುಂಡಿ ಹಚ್ಚುತ್ತಾ, ಯಾರೂ ಕೇಳದ ಮಾತುಗಳನ್ನು ಆಡುತ್ತಿರುತ್ತಾರೆ. ನಾನು ಸಣ್ಣಗಿರುವುದರಿಂದಲೂ ಸದಾ ತಲೆ ತಗ್ಗಿಸಿರುವುದರಿಂದಲೂ ನನ್ನನ್ನು ಎಲ್ಲರೂ ಗುಂಡುಸೂಜಿ ಎನ್ನುತ್ತಾರೆ.

ನನ್ನ ಕತ್ತರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಒಂದು ನೂಲಿನಷ್ಟೂ ಆಚೀಚೆ ಹೋಗುವುದಿಲ್ಲ. ಎರಡು ಸಲ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೂರನೇ ಸಲ ಅಳೆದು, ಆಮೇಲೆ ದೇವರನ್ನು ನೆನೆದು ಕತ್ತರಿ ಹಾಕುತ್ತೇನೆ. ಲೋಕದ ಜನರೆಲ್ಲ ನನ್ನಷ್ಟು ಎಚ್ಚರದಿಂದ ಇದ್ದುಬಿಟ್ಟರೆ ಯಾರಿಗೂ ಯಾವ ತೊಂದರೆಯೂ ಬರುವುದಿಲ್ಲವೆಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಹೊಲಿಗೆ ಯಂತ್ರ ತುಳಿದು ತುಳಿದು ಚಿಕ್ಕಮ್ಮನ ಬಲ ಮಂಡಿ ಊದಿಕೊಂಡಿತು. ಎದುರು ಕ್ಲಿನಿಕ್ಕಿನ ನರ್ಸಮ್ಮ ಬಂದು ಒತ್ತಿ ನೋಡಿದರು.

"ತೂಕ ಇಳಿಸ್ಬೇಕು. ಇಲ್ಲಾಂದ್ರೆ ಈ ಮಂಡಿ ನಿಮ್ಮನ್ನ ಮೆಷಿನ್ ತುಳಿಯೋಕೆ ಬಿಡಲ್ಲ."

"ಮೆಷಿನ್ ಬಿಟ್ರೆ ನಾನೇನು ಮಾಡ್ಲಿ? ದಿನವೆಲ್ಲಾ ಇವರ ಮಾತು ಕೇಳ್ತಾ ಕೂರ್ಲಾ?"

"ಅದು ಮಂಡಿ ನೋವಿಗಿಂತ ಕಷ್ಟ," ಎಂದರು ಚಿಕ್ಕಪ್ಪ, ಇಸ್ತ್ರಿ ಪೆಟ್ಟಿಗೆಯಿಂದ ಕಣ್ಣೆತ್ತದೆ.

ಚಿಕ್ಕಮ್ಮ ನಗಲಿಲ್ಲ. ಆ ಯಂತ್ರವನ್ನು ಬಿಟ್ಟರೆ ಚಿಕ್ಕಮ್ಮ ಚಿಕ್ಕಮ್ಮನಾಗಿ ಇರುವುದಿಲ್ಲವೆಂದು ಆ ಕೋಣೆಯಲ್ಲಿದ್ದ ನಮಗೆಲ್ಲ ಗೊತ್ತಿತ್ತು.

"ಹಾಗಂತ ಒಂದೇ ಸಲ ಊಟ ಬಿಡಬೇಡಿ," ಎಂದರು ನರ್ಸಮ್ಮ. "ನಿಮ್ಮ ಮೈಗೆ ದಿನಕ್ಕೆ ಎಷ್ಟು ಬೇಕೋ ಅದಕ್ಕಿಂತ ಒಂದು ಐನೂರು ಕ್ಯಾಲೊರಿ ಕಡಿಮೆ ತಿನ್ನಿ, ಸಾಕು. ಅದೂ ನಿಮ್ಮಂಥ ಮೈಕಟ್ಟಿನವರಿಗೆ. ಸಣ್ಣಗಿರೋರಿಗೆ ಅದೇ ಜಾಸ್ತಿ. ನಿಧಾನಕ್ಕೆ ಇಳೀಲಿ. ತಲೆ ಸುತ್ತಿದ್ರೆ, ಕೈ ನಡುಗಿದ್ರೆ ನಿಲ್ಲಿಸಿ ನನ್ನ ಹತ್ರ ಬನ್ನಿ. ಆಗಾಗ ಕ್ಲಿನಿಕ್ಕಿಗೆ ಬಂದು ತೂಕ ನೋಡ್ಕೊಳ್ಳಿ."

"ತೂಗೋಕೆ ನಾನೇನು ಈರುಳ್ಳಿ ಮೂಟೇನಾ? ನಮ್ಮನೇಲಿ ಟೇಪಿದೆ, ಅಳೆಯೋಕೆ ಗುಂಡುಸೂಜಿ ಇದ್ದಾಳೆ. ಸೊಂಟ ಇಳಿದ್ರೆ ತೂಕ ಇಳಿದ ಹಾಗೇ ಅಲ್ವಾ?"

ನನ್ನ ಎದೆ ಉಬ್ಬಿತು. ಚಿಕ್ಕಮ್ಮನ ಸೊಂಟದ ಸಂಪೂರ್ಣ ಜವಾಬ್ದಾರಿ ನನ್ನ ಮೇಲೆ. ನರ್ಸಮ್ಮ ಕೊಟ್ಟ ಕರಪತ್ರವನ್ನೂ ಬಿಸ್ಕತ್ತು ಪೊಟ್ಟಣಗಳ ಬೆನ್ನನ್ನೂ ಓದಿ, ಎಲ್ಲಿಂದ ಐನೂರು ತೆಗೆಯಬಹುದೆಂದು ಲೆಕ್ಕ ಹಾಕಿದೆ. ಚಹಾದ ಸಕ್ಕರೆ ಹೋಯಿತು. ಸಂಜೆಯ ಬೆಣ್ಣೆ ಸವರಿದ ಬನ್ನು ಹೋಯಿತು. ಅಷ್ಟಕ್ಕೇ ಐನೂರು ತುಂಬಿತು. ಉಳಿದ ಊಟ ಎಂದಿನಂತೆ. ಶುರು ಮಾಡಿದ ದಿನ ಚಿಕ್ಕಮ್ಮನ ಹಳೆಯ ಟೇಪಿನಲ್ಲಿ ಸೊಂಟ ಅಳೆದೆ. ನಲವತ್ತು ಇಂಚು.

ಆ ಟೇಪಿನ ಬಗ್ಗೆ ಹೇಳಬೇಕು. ಅದು ಬಟ್ಟೆಯ ಟೇಪು. ಚಿಕ್ಕಪ್ಪನಿಗಿಂತ ಮೊದಲೇ ಚಿಕ್ಕಮ್ಮನ ಕೊರಳಿಗೆ ಬಿದ್ದದ್ದು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಮತ್ತೆಲ್ಲೂ ತೆಗೆಯುವುದಿಲ್ಲ. ಅದರ ಅಂಕಿಗಳು ಎಷ್ಟು ಸವೆದಿದ್ದವೆಂದರೆ ಮೂವತ್ತಾರು ಯಾವುದು, ಮೂವತ್ತೆಂಟು ಯಾವುದು ಎಂದು ಚಿಕ್ಕಮ್ಮನ ಬೆರಳಿಗೆ ಮಾತ್ರ ಥಟ್ಟನೆ ಗೊತ್ತಾಗುತ್ತಿತ್ತು, ನಾನು ಬೆಳಕಿಗೆ ಹಿಡಿದು ಓದಬೇಕಿತ್ತು. ಅಲ್ಲಿಯವರೆಗೆ ಅವರು ಅಳತೆ ತೆಗೆದ ಮೇಲೆ ಅದೇ ಟೇಪನ್ನು ಇಸಿದುಕೊಂಡು ನಾನು ಬಟ್ಟೆ ಅಳೆಯುತ್ತಿದ್ದೆ. ಸವೆದ ಅಂಕಿ ನೋಡಿ ಕತ್ತರಿ ಹಾಕುವುದು ನನ್ನಂಥವಳಿಗೆ ಒಪ್ಪುತ್ತದೆಯೇ? ಎಚ್ಚರಿಕೆಗಾಗಿಯೇ, ಕೇವಲ ಎಚ್ಚರಿಕೆಗಾಗಿಯೇ, ನನ್ನ ಮೇಜಿಗೆಂದು ಒಂದು ಹೊಸ ಟೇಪು ತಂದೆ. ಹಳದಿ ಬಣ್ಣ, ಇರುವೆ ಸಾಲಿನಂಥ ಸ್ಪಷ್ಟ ಗೆರೆಗಳು. ಹಳೆಯದು ಚಿಕ್ಕಮ್ಮನ ಕೊರಳಲ್ಲೇ ಉಳಿಯಿತು.

ತಿಂಗಳು ಕಳೆಯಿತು. ಹೊಸ ಟೇಪನ್ನು ಚಿಕ್ಕಮ್ಮನ ಸೊಂಟಕ್ಕೆ ಸುತ್ತಿದೆ.

"ಎಷ್ಟು?"

ನಾನು ಅಂಕಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ.

"ಬಾಯಲ್ಲಿ ಸೂಜಿ ಇದೆಯೇನೇ? ಎಷ್ಟು ಹೇಳು."

"ನಲವತ್ತೊಂದು."

"ಸರಿಯಾಗಿ ಅಳೆ."

ಸರಿಯಾಗಿ ಅಳೆದೆ. ಮೂರನೇ ಸಲವೂ ಅಳೆದೆ. ನಲವತ್ತೊಂದು ಕದಲಲಿಲ್ಲ.

"ಹೊಸ ಟೇಪಲ್ವಾ," ಎಂದರು ಚಿಕ್ಕಪ್ಪ. "ಅಂಗಡಿಯವನು ಒಂದಿಂಚು ಪುಕ್ಕಟೆ ಕೊಟ್ಟಿರ್ಬೇಕು."

ಅವರ ಮಾತನ್ನು ಯಾರೂ ಕೇಳುವುದಿಲ್ಲವೆಂದು ಆಗಲೇ ಹೇಳಿದ್ದೇನೆ. ನಾವೂ ಕೇಳಲಿಲ್ಲ.

ನನಗೆ ಕೋಪ ಬಂತು. ನನ್ನ ಲೆಕ್ಕ ತಪ್ಪುವುದು ಸಾಧ್ಯವಿಲ್ಲ, ಆದ್ದರಿಂದ ಚಿಕ್ಕಮ್ಮ ಕದ್ದು ತಿನ್ನುತ್ತಿರಬೇಕು. ಬಿಸ್ಕತ್ತು ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಿದ್ದಾಗ ಸಿಕ್ಕಿಬಿದ್ದೆ.

"ಏನೇ ಅದು? ನನ್ನ ಮೇಲೆ ಪೊಲೀಸ್ ಕೆಲಸ ಮಾಡ್ತಿದ್ದೀಯಾ?"

"ಹಾಗಲ್ಲ ಚಿಕ್ಕಮ್ಮ... ಐನೂರು ಕಡಿಮೆ ತಿಂದೂ ಸೊಂಟ ಏರಿದೆ ಅಂದ್ರೆ..."

"ಅಂದ್ರೆ ನಿನ್ನ ಐನೂರು ಸಾಲಲ್ಲ ಅಂತ ಅರ್ಥ. ಇವತ್ತಿಂದ ಸಾವಿರ."

"ನರ್ಸಮ್ಮ ಬೇಡ ಅಂದಿದ್ರು."

"ಮಂಡಿ ನರ್ಸಮ್ಮಂದಾ, ನಂದಾ?"

ಅಷ್ಟು ಹೊತ್ತಿಗೆ ಹೊಲಿದು ಕೊಟ್ಟ ಬಟ್ಟೆಗಳು ಒಂದೊಂದಾಗಿ ವಾಪಸು ಬರತೊಡಗಿದವು. ಮೊದಲು ಬಂದವರು ಬೇಕರಿ ಅಕ್ಕ. ಅವರ ಹೊಸ ಗೌನಿನ ಜಿಪ್ಪು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತ್ತು.

"ನಿಮ್ಮ ಹುಡುಗಿ ಕತ್ತರಿಸೋದ್ರಲ್ಲಿ ಎಡವಿದ್ದಾಳೆ," ಎಂದರು.

ಎಡವಿದ್ದೇನೆಯೇ, ನಾನು? ತಲೆ ಎತ್ತದೆ ಅಳತೆಯ ಚೀಟಿ ತಂದೆ. ಚೀಟಿಯಲ್ಲಿ ಮೂವತ್ತಾರು. ಹಳದಿ ಟೇಪನ್ನು ಗೌನಿನ ಮೇಲೆ ಹಾಸಿ ತೋರಿಸಿದೆ. ಅಲ್ಲೂ ಮೂವತ್ತಾರು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು?

ಚಿಕ್ಕಮ್ಮ ಅಕ್ಕನ ಕೈ ಹಿಡಿದುಕೊಂಡರು. "ಬೇಜಾರು ಮಾಡ್ಕೋಬೇಡಿ ಅಕ್ಕ. ನೀವು ದಪ್ಪ ಆಗಿದ್ದೀರ. ನಾನೂ ಆಗಿದ್ದೀನಿ. ಏನೂ ತಿನ್ನದೇನೇ ಆಗಿದ್ದೀನಿ. ಈ ವರ್ಷ ಗಾಳೀಲೇ ಏನೋ ಇದೆ."

ಆಮೇಲೆ ಮೇಷ್ಟರ ಪ್ಯಾಂಟು ಬಂತು. ಅಂಚೆ ಕಚೇರಿಯವರ ಕೋಟು ಬಂತು. ಎಲ್ಲರಿಗೂ ನಾನು ಹಳದಿ ಟೇಪು ತೋರಿಸಿದೆ, ಚಿಕ್ಕಮ್ಮ ಗಾಳಿಯ ಕಥೆ ಹೇಳಿದರು. ಬಟ್ಟೆ ಸಡಿಲಿಸಿ ಎಂದು ಯಾರೂ ಕೇಳಲಿಲ್ಲ, ಮರ್ಯಾದೆಯ ಪ್ರಶ್ನೆ. ಮೈಯನ್ನೇ ಬಟ್ಟೆಗೆ ತರುತ್ತೇವೆಂದು ಶಪಥ ಮಾಡಿ ಹೋದರು.

ಅಲ್ಲಿಂದ ನಮ್ಮ ಅಂಗಡಿಯ ಬಾಗಿಲಲ್ಲಿ ಹರಾಜು ಶುರುವಾಯಿತು.

"ನಾನು ದಿನಕ್ಕೆ ಐನೂರು ಬಿಟ್ಟಿದ್ದೀನಿ," ಎನ್ನುವರು ಮೇಷ್ಟರು.

"ಬರೀ ಐನೂರಾ? ನಾನು ಎಂಟುನೂರು," ಎನ್ನುವರು ಬೇಕರಿ ಅಕ್ಕ.

"ನಂದು ಸಾವಿರ ದಾಟ್ತು," ಎಂದು ಚಿಕ್ಕಮ್ಮ ಯಂತ್ರದ ಹಿಂದಿನಿಂದ ಕೂಗುವರು.

ಹಸಿವಿನಲ್ಲಿ ಇಷ್ಟು ಪೈಪೋಟಿ ನಾನು ಕಂಡಿರಲಿಲ್ಲ. ಬೇಕರಿ ಅಕ್ಕ ಬನ್ನಿನ ವಾಸನೆ ತಡೆಯಲಾರದೆ ಮಧ್ಯಾಹ್ನಕ್ಕೇ ಬೇಕರಿ ಮುಚ್ಚತೊಡಗಿದರು. ಮೇಷ್ಟರು ತರಗತಿಯಲ್ಲಿ ಮಕ್ಕಳ ಊಟದ ಡಬ್ಬಿಗಳನ್ನು ದಿಟ್ಟಿಸುತ್ತಾರೆಂದು ಸುದ್ದಿ ಬಂತು. ನಮ್ಮ ಮನೆಯಲ್ಲಿ ಚಿಕ್ಕಪ್ಪ ಜೋರಾಗಿ ಅಗಿಯುವಂತಿರಲಿಲ್ಲ.

"ರೀ, ನಿಮ್ಮ ಬಾಯಿ ಸದ್ದು ಇಲ್ಲಿಗೆ ಕೇಳಿಸ್ತಿದೆ."

"ಬಿಸ್ಕತ್ತು ಕಣೇ. ಅದರ ಸ್ವಭಾವ ಹಾಗೆ."

ಆಮೇಲೆ ಪಾಪ, ಅವರು ಬಿಸ್ಕತ್ತನ್ನು ಚಹಾದಲ್ಲಿ ನೆನೆಸಿ, ಕಳ್ಳನಂತೆ ಸದ್ದಿಲ್ಲದೆ ನುಂಗತೊಡಗಿದರು.

ಚಿಕ್ಕಮ್ಮನ ಊಟ ಸೌತೆಕಾಯಿಗೆ ಇಳಿಯಿತು. ಕೈ ನಡುಗತೊಡಗಿತು. ಒಂದು ಅಂಗಿಗೆ ಎರಡೂ ಎಡಗೈ ತೋಳನ್ನೇ ಹಚ್ಚಿ, ಬಲಗೈ ತೋಳು ಎಲ್ಲಿಟ್ಟೆ ಎಂದು ನನ್ನ ಮೇಲೆ ರೇಗಿದರು. ನಾನು ನರ್ಸಮ್ಮನಿಗೆ ಹೇಳಬೇಕಿತ್ತು. ರಸ್ತೆ ದಾಟಿದರೆ ಕ್ಲಿನಿಕ್ಕು. ಎರಡು ಸಲ ಬಾಗಿಲವರೆಗೆ ಹೋದೆ. ಒಳಗೆ ಜನರಿದ್ದರು. ವಾಪಸು ಬಂದೆ.

ಕೊನೆಗೆ ನರ್ಸಮ್ಮನೇ ಬಂದರು. ಅವರ ಹೊಸ ಬಿಳಿ ಕೋಟು ತೋಳಿನ ಮೇಲಿತ್ತು. ಚಿಕ್ಕಮ್ಮ ಯಂತ್ರ ತುಳಿಯುತ್ತಿದ್ದರು.

"ಗುಂಡಿ ಸೇರ್ತಾ ಇಲ್ಲ," ಎಂದರು ನರ್ಸಮ್ಮ.

ನಾನು ಹಳದಿ ಟೇಪು ಎತ್ತಿಕೊಂಡೆ.

"ಟೇಪು ತೋರಿಸ್ಬೇಡ ಮಗು. ನನ್ನ ತೂಕ ನಾನು ದಿನಾ ನೋಡ್ತೀನಿ. ಕಾಳಷ್ಟೂ ಏರಿಲ್ಲ. ಮೈ ಏರದೇ ಕೋಟು ಬಿಗಿ ಆದ್ರೆ ತಪ್ಪು ಕೋಟಿಂದು."

ನನ್ನ ಕೋಟಿನದೇ? ಮೂರು ಸಲ ಅಳೆದ ಕೋಟಿನದೇ? ಅಷ್ಟರಲ್ಲಿ ಯಂತ್ರದ ಸದ್ದು ಬದಲಾಯಿತು. ತಿರುಗಿ ನೋಡಿದರೆ ಚಿಕ್ಕಮ್ಮನ ತಲೆ ನಿಧಾನವಾಗಿ ಬಟ್ಟೆಯ ಮೇಲೆ ವಾಲುತ್ತಿತ್ತು. ಕಾಲು ಮಾತ್ರ ಅಭ್ಯಾಸಬಲದಿಂದ ತುಳಿಯುತ್ತಲೇ ಇತ್ತು. ಕೊರಳಿಂದ ಜೋತುಬಿದ್ದ ಹಳೆಯ ಟೇಪಿನ ತುದಿ ಸೂಜಿಯ ಕೆಳಗೆ ಹೋಗಿ, ಹೊಲಿಯುತ್ತಿದ್ದ ಬಟ್ಟೆಯ ಜೊತೆಗೇ ಅಚ್ಚುಕಟ್ಟಾಗಿ ಹೊಲಿದುಹೋಯಿತು. ತಲೆ ಸುತ್ತು ಇಳಿದು ಅವರು ಎದ್ದೇಳಲು ನೋಡಿದರೆ ಟೇಪು ಬಿಡಲಿಲ್ಲ.

"ಯಾರ್ರೀ ಅದು, ನನ್ನ ಕೊರಳು ಹಿಡ್ಕೊಂಡಿರೋದು?"

ಚಿಕ್ಕಪ್ಪ ಒಂದೇ ನೆಗೆತಕ್ಕೆ ಬಂದು ನನ್ನ ಕತ್ತರಿಯಿಂದ ಟೇಪು ಕತ್ತರಿಸಿದರು. ಅಳೆಯದೇ ಕತ್ತರಿಸಿದರು. ನರ್ಸಮ್ಮ ಚಿಕ್ಕಮ್ಮನನ್ನು ಚಾಪೆಯ ಮೇಲೆ ಮಲಗಿಸಿ ನಾಡಿ ಹಿಡಿದರು.

"ಇವತ್ತು ಏನು ತಿಂದ್ರಿ?"

"ಸೌತೆಕಾಯಿ."

"ಎಷ್ಟು?"

"ಅರ್ಧ. ಇನ್ನರ್ಧ ರಾತ್ರಿಗೆ ಇಟ್ಟಿದ್ದೀನಿ."

ನರ್ಸಮ್ಮನ ಮುಖ ಕೆಂಪಾಯಿತು. "ಐನೂರು ಅಂತ ನಾನು ಹೇಳಿದ್ದು ಹರಾಜು ಶುರು ಮಾಡೋಕಲ್ಲ. ಹೀಗೆ ಒಂದೇ ಸಲ ಕಡಿದ್ರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಪಿತ್ತಕೋಶದಲ್ಲಿ ಕಲ್ಲಾಗುತ್ತೆ. ಮಂಡಿ ಉಳಿಸೋಕೆ ಹೋಗಿ ಮೈಯನ್ನೇ ಕಳ್ಕೋತೀರಾ?"

"ಬಟ್ಟೆಗಾದ್ರೆ ಹೊಲಿಗೆ ಒಳಗೆ ಎರಡು ಬೆರಳು ಹೆಚ್ಚಿಗೆ ಬಿಡು ಅಂತೀಯ," ಎಂದರು ಚಿಕ್ಕಪ್ಪ, ಸಕ್ಕರೆ ಹಾಕಿದ ಚಹಾ ಕಲಕುತ್ತಾ. "ಹೊಟ್ಟೆಗೆ ಅರ್ಧ ಬೆರಳೂ ಬಿಡಲಿಲ್ವಲ್ಲೇ."

ನನಗೆ ಏನು ಮಾಡಬೇಕೋ ತೋಚಲಿಲ್ಲ. ಏನೂ ತೋಚದಿದ್ದಾಗ ನಾನು ಅಳೆಯುತ್ತೇನೆ. ಹಳೆಯ ಟೇಪು ಎಷ್ಟು ಇಂಚು ಕಡಿಮೆಯಾಯಿತೋ ನೋಡಿ ಅಂಟಿಸೋಣವೆಂದು, ಅದನ್ನು ಮೇಜಿನ ಮೇಲೆ ಹಳದಿ ಟೇಪಿನ ಪಕ್ಕದಲ್ಲಿ, ಕತ್ತರಿ ತಾಗದ ಮೊದಲ ತುದಿ ಕೂಡಿಸಿ ಹಾಸಿದೆ. ಅಂಕಿಗೆ ಅಂಕಿ ಕೂಡಲಿಲ್ಲ. ಹಳೆಯದರ ಇಪ್ಪತ್ತು ಹೊಸದರ ಇಪ್ಪತ್ತೊಂದರ ಪಕ್ಕ ಕೂತಿತ್ತು. ಹಳೆಯ ಟೇಪಿನ ನಲವತ್ತು, ಹೊಸ ಟೇಪಿನ ನಲವತ್ತೆರಡರ ಪಕ್ಕ ಮಲಗಿತ್ತು.

ವರ್ಷಾನುಗಟ್ಟಲೆ ಎಳೆದೆಳೆದು ಹಳೆಯ ಟೇಪು ಹಿಗ್ಗಿಹೋಗಿತ್ತು. ನಲವತ್ತೆರಡನ್ನು ಅದು ನಲವತ್ತು ಎನ್ನುತ್ತಿತ್ತು. ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದಷ್ಟು ಕಾಲ ಎಲ್ಲ ಬಟ್ಟೆಯೂ ಸರಿಯಾಗಿಯೇ ಕೂರುತ್ತಿತ್ತು. ಈಗ ಚಿಕ್ಕಮ್ಮ ಅದರಲ್ಲಿ ಅಳೆದದ್ದನ್ನು ನಾನು ಹೊಸದರಲ್ಲಿ ಕತ್ತರಿಸಿದ್ದೆ. ಬೀದಿಯಲ್ಲಿ ಯಾರೂ ದಪ್ಪ ಆಗಿರಲಿಲ್ಲ.

"ಚಿಕ್ಕಮ್ಮ," ಎಂದೆ. ಎಲ್ಲರೂ ತಿರುಗಿದರು. ಬೀಗ ಬೀಳುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ.

ಚಿಕ್ಕಮ್ಮ ಚಹಾ ಕೆಳಗಿಟ್ಟರು. "ಅಂದ್ರೆ ಮೊದಲು ನನ್ನ ಸೊಂಟ ನಲವತ್ತೆರಡಿತ್ತು."

"ಹೂಂ."

"ತಿಂಗಳಾದ್ಮೇಲೆ ನಲವತ್ತೊಂದು."

"ಹೂಂ."

"ಆ ಐನೂರರಲ್ಲೇ ಒಂದಿಂಚು ಇಳಿದಿದ್ದೆ ನಾನು. ಇಳಿದವಳಿಗೆ ಏರಿದ್ದೀಯ ಅಂತ ಹೇಳಿ ಸೌತೆಕಾಯಿ ಕಡಿಸಿದ್ಯಲ್ಲೇ, ಪಾಪಿ!"

"ಪುಕ್ಕಟೆ ಇಂಚು ಅಂತ ನಾನು ಅವತ್ತೇ ಹೇಳಿದ್ದೆ," ಎಂದರು ಚಿಕ್ಕಪ್ಪ. ಅಂದು ಸಂಜೆಯೊಳಗೆ ಅದನ್ನು ಬೀದಿಯ ಎಲ್ಲ ಮನೆಗಳಿಗೂ ಹೋಗಿ ಹೇಳಿ ಬಂದರು.

ನನಗೆ ಈಗಲೂ ಕೋಪವಿದೆ. ಹಿಗ್ಗಿದ ಟೇಪಿನ ಮೇಲಿದೆ, ಗಾಳಿಯ ಕಥೆ ನಂಬಿದ ಗಿರಾಕಿಗಳ ಮೇಲಿದೆ, ಒಂದೇ ಒಂದು ಸಲ ಸರಿಯಾದ ಮಾತಾಡಿ ಅದನ್ನು ತಮಾಷೆಯಂತೆ ಆಡಿದ ಚಿಕ್ಕಪ್ಪನ ಮೇಲಿದೆ. ಆದರೆ ಈ ಕಾಗದದಲ್ಲಿ ಸುಳ್ಳು ಬರೆಯಲಾರೆ. ಎಲ್ಲವನ್ನೂ ಮೂರು ಮೂರು ಸಲ ಅಳೆದ ನಾನು, ಟೇಪನ್ನು ಒಂದು ಸಲವೂ ಅಳೆದಿರಲಿಲ್ಲ.

ಮೊನ್ನೆ ಚಿಕ್ಕಮ್ಮನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹೊಟ್ಟೆ ತುಂಬ ಉಂಡು, ಚೇತರಿಸಿಕೊಂಡು, ಮತ್ತೆ ಅದೇ ಹಳೆಯ ಐನೂರಕ್ಕೆ ಬಂದಿದ್ದಾರೆ. ಮಂಡಿಯ ಊತ ಸ್ವಲ್ಪ ತಗ್ಗಿದೆಯೆಂದು, ಯಂತ್ರ ಬಿಡಬೇಕಾಗಿಲ್ಲವೆಂದು ನರ್ಸಮ್ಮ ಹೇಳಿದರು. "ಮೂಟೆ ಆದ್ರೆ ಮೂಟೆ," ಎಂದು ಚಿಕ್ಕಮ್ಮ ತೂಕದ ಯಂತ್ರ ಹತ್ತಿದರು. ಮುಳ್ಳು ಅಲುಗಾಡಿ ನಿಂತಿತು. ಬೆಂಚುಗಳ ತುಂಬ ಜನರಿದ್ದರು. ಬೇಕರಿ ಅಕ್ಕ ಇದ್ದರು, ಮೇಷ್ಟರಿದ್ದರು. ಜೀವಮಾನದಲ್ಲಿ ಮೊದಲ ಸಲ ನಾನು ಅಷ್ಟು ಜನರ ನಡುವೆ ಗಟ್ಟಿಯಾಗಿ ಮಾತಾಡಿದೆ.

"ನರ್ಸಮ್ಮ, ಈ ಯಂತ್ರ ಸರಿ ಇದೆಯಾ?"

ಅಲ್ಲಿದ್ದವರೆಲ್ಲ ನಕ್ಕ ನಗು ಇನ್ನೂ ನಿಂತಿಲ್ಲ.

ನಾಳೆ ಬೆಳಿಗ್ಗೆ ನರ್ಸಮ್ಮನ ಕೋಟಿನ ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿರುವ ಎರಡು ಬೆರಳು ಬಟ್ಟೆಯನ್ನು ಹೊರಗೆ ತೆಗೆಯುತ್ತೇನೆ. ಆಮೇಲೆ ಬೇಕರಿ ಅಕ್ಕನ ಗೌನು.